ಬೇವಿನ ಹೂವಿಗೆ ಕಾಯುವ ಪಂಚಾಂಗ



2026ರ ಮಾರ್ಚ್ 18, ಬುಧವಾರದ ಸಂಜೆ. ಮರುದಿನ ಯುಗಾದಿ. ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ರಸ್ತೆಯ ಅಂಚಿನುದ್ದಕ್ಕೂ ಮಾವಿನ ಸೊಪ್ಪಿನ ರಾಶಿ, ಪಕ್ಕದಲ್ಲಿ ಬೇವಿನ ಸೊಪ್ಪಿನ ಕಟ್ಟುಗಳು, ಆಚೆಗೆ ಮಲ್ಲಿಗೆ, ಕನಕಾಂಬರ, ಸೇವಂತಿಗೆ. ಬಾಳೆ ಎಲೆಯ ಸುರುಳಿಯನ್ನು ಮಗುವಿನಂತೆ ತೋಳಲ್ಲಿ ಹಿಡಿದವರು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವವರು, ಹೋಳಿಗೆಗೆ ಬೆಲ್ಲ ಸಾಲದೆಂದು ಮತ್ತೊಮ್ಮೆ ಓಡಿ ಬಂದವರು. ನಾನು ಹುಡುಕುತ್ತಿದ್ದದ್ದು ಬೇವಿನ ಹೂವನ್ನು. ಸೊಪ್ಪು ಬೇಕಾದಷ್ಟಿತ್ತು, ಹೂವಿರಲಿಲ್ಲ. ಮೂರು ಕಡೆ ಕೇಳಿದೆ. ನಾಲ್ಕನೆಯ ಕಡೆ ಕೂತಿದ್ದವರು ವಯಸ್ಸಾದ ಹೆಂಗಸು, ಕನಕಪುರದ ಕಡೆಯವರು. ಬೆಳಗಿನ ಜಾವವೇ ಟೆಂಪೊ ಹತ್ತಿ ಸೊಪ್ಪು ತಂದಿದ್ದರು.

"ಹೂವಿಲ್ವೇನಮ್ಮ?" ಅಂದೆ.

"ಎಲ್ಲಿಂದ ತರ್ಲಿ ಕಣಕ್ಕ? ಮರದಾಗೆ ಇನ್ನೂ ಮೊಗ್ಗೇ ಇಲ್ಲ. ಚಿಗುರು ತಗೊಂಡೋಗಿ. ಈ ಸಲ ಹಬ್ಬ ಮುಂಚೇನೇ ಬಂದ್ಬುಡ್ತು, ಮರ ಏನ್ ಮಾಡ್ತದೆ ಪಾಪ!"

20 ರೂಪಾಯಿಗೆ ಚಿಗುರಿನ ಕಟ್ಟು ಕೊಂಡು ಮನೆಗೆ ಬಂದೆ. ಹಬ್ಬವೂ ಆಯಿತು. ಆದರೆ ಆಕೆಯ ಮಾತು ನನ್ನನ್ನು ಬಿಡಲಿಲ್ಲ. ಹಬ್ಬ ಮುಂಚೆ ಬಂತು, ಮರ ಏನು ಮಾಡೀತು? ಪಂಚಾಂಗ ಅಚ್ಚು ಮಾಡಿದವರ ಮೇಲೆ ಆಕೆಗೆ ಸಿಟ್ಟಿರಲಿಲ್ಲ, ಹೂ ಬಿಡದ ಮರದ ಮೇಲೂ ಇರಲಿಲ್ಲ. ಯುಗಾದಿಗೆ ಎರಡು ಲೆಕ್ಕಗಳಿವೆ, ಒಂದು ಆಕಾಶದ್ದು, ಒಂದು ಮರದ್ದು. ಈ ವರ್ಷ ಎರಡಕ್ಕೂ ತಾಳೆಯಾಗಲಿಲ್ಲ ಎಂಬುದು ಆಕೆಗೆ ತಿಳಿದಿತ್ತು, ಅಷ್ಟೆ. ಈ ಎರಡು ಲೆಕ್ಕಗಳ ವಿಚಾರವನ್ನೇ ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಯುಗಾದಿ ಚೈತ್ರ ಶುದ್ಧ ಪಾಡ್ಯದ ಹಬ್ಬ. ಬ್ರಹ್ಮ ಸೃಷ್ಟಿಯನ್ನು ಆರಂಭಿಸಿದ ದಿನ ಎಂದು ಪುರಾಣ ಹೇಳುತ್ತದೆ. ಯುಗದ ಆದಿ ಯುಗಾದಿ. ನಮ್ಮ ಕಡೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಫಾಲ್ಗುಣದ ಅಮಾವಾಸ್ಯೆ ಕಳೆದ ಮರುತಿಥಿಯೇ ಹೊಸ ವರ್ಷ. ಯಾವ ತಿಂಗಳ ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಆಸುಪಾಸಿನಲ್ಲಿ ನಿಲ್ಲುತ್ತಾನೋ ಅದು ಚೈತ್ರ. ಇಷ್ಟು ಸರಳವಾಗಿದ್ದರೆ ಹಬ್ಬದ ತಾರೀಖು ವರ್ಷ ವರ್ಷವೂ ಯಾಕೆ ಓಡಾಡುತ್ತದೆ? ಕ್ರೋಧಿ ಸಂವತ್ಸರ ಆರಂಭವಾದದ್ದು 2024ರ ಏಪ್ರಿಲ್ 9ರಂದು. ಮರುವರ್ಷ ವಿಶ್ವಾವಸು ಬಂದದ್ದು ಮಾರ್ಚ್ 30ಕ್ಕೆ. ಈ ವರ್ಷದ ಪರಾಭವ ಮಾರ್ಚ್ 19ಕ್ಕೇ ಬಂದುಬಿಟ್ಟಿತು. ವರ್ಷಕ್ಕೆ ಹತ್ತು, ಹನ್ನೊಂದು ದಿನದಂತೆ ಹಬ್ಬ ಹಿಂದಕ್ಕೆ ಜಾರುತ್ತಿದೆ.

ಕಾರಣ ಚಂದ್ರ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಚಾಂದ್ರಮಾಸ ಕೂಡಿದರೆ 354 ದಿನ. ಸೂರ್ಯನ ಒಂದು ಸುತ್ತಿಗೆ ಮುನ್ನೂರ ಅರವತ್ತೈದೂಕಾಲು. ಉಳಿದ ಹನ್ನೊಂದು ದಿನ ಪ್ರತಿ ವರ್ಷವೂ ಬಾಕಿ. ಈ ಬಾಕಿಯನ್ನು ಹಾಗೇ ಬಿಟ್ಟರೆ ಯುಗಾದಿ ಮಾರ್ಚಿನಿಂದ ಫೆಬ್ರವರಿಗೆ, ಅಲ್ಲಿಂದ ಜನವರಿಗೆ, ಡಿಸೆಂಬರಿನ ಚಳಿಗೆ ಸರಿದು, ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಒಂದು ಸುತ್ತು ಹಾಕಿ ಬರುತ್ತಿತ್ತು. ಈಗ ದೀಪಾವಳಿ ಬರುವ ಕಾಲಕ್ಕೆ ಬೇವು ಬೆಲ್ಲ ತಿನ್ನಬೇಕಾದರೆ ಬೇವಿನ ಹೂವು ಎಲ್ಲಿಂದ ಬರಬೇಕು? ಮಾವಿನಕಾಯಿ ಚಿತ್ರಾನ್ನಕ್ಕೆ ಕಾಯಿ ಎಲ್ಲಿ?

ಹಾಗಾಗದಂತೆ ನೋಡಿಕೊಳ್ಳುವುದು ಅಧಿಕ ಮಾಸ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುವುದು ಸಂಕ್ರಮಣ. ಯಾವ ಚಾಂದ್ರಮಾಸದೊಳಗೆ ಒಂದೂ ಸಂಕ್ರಮಣ ಬೀಳುವುದಿಲ್ಲವೋ ಅದಕ್ಕೆ ತನ್ನದೇ ಹೆಸರಿಲ್ಲ. ಮುಂದಿನ ತಿಂಗಳ ಹೆಸರಿಗೆ 'ಅಧಿಕ' ಸೇರಿಸಿಕೊಂಡು ಅದು ಕಳೆದುಹೋಗುತ್ತದೆ. ಹೀಗೆ ಸುಮಾರು ಮೂವತ್ತೆರಡು, ಮೂವತ್ತಮೂರು ತಿಂಗಳಿಗೊಮ್ಮೆ. ಹತ್ತೊಂಬತ್ತು ವರ್ಷಗಳಲ್ಲಿ ಏಳು ಬಾರಿ. ವೇದಾಂಗ ಜ್ಯೋತಿಷದ ಕಾಲದಲ್ಲೇ ಐದು ವರ್ಷದ ಒಂದು ಯುಗಕ್ಕೆ ಎರಡು ಹೆಚ್ಚಿನ ತಿಂಗಳು ಸೇರಿಸುವ ಕ್ರಮವಿತ್ತು. ಈ ವರ್ಷದ ಅಧಿಕ ಮಾಸ ಜ್ಯೇಷ್ಠ. ಬರುವ ಮೇ 17ರಿಂದ ಜೂನ್ 15ರವರೆಗೆ. ಆ ಒಂದು ತಿಂಗಳ ಕಾಲ ನಮ್ಮ ಪಂಚಾಂಗ ಮುಂದೆ ಹೋಗದೆ ನಿಂತಲ್ಲೇ ನಿಂತು ಸೂರ್ಯನಿಗಾಗಿ ಕಾಯುತ್ತದೆ.

ಅಧಿಕ ಮಾಸವೆಂದರೆ ಮದುವೆ ಮುಂಜಿಗೆ ಮುಹೂರ್ತವಿಲ್ಲದ, ಯಾಕೆ ಬಂತಪ್ಪಾ ಎನ್ನಿಸುವ ತಿಂಗಳು ಎಂದು ಎಷ್ಟೋ ಮನೆಗಳಲ್ಲಿ ಭಾವಿಸುತ್ತಾರೆ. ನನಗಂತೂ ಈಗ ಅದರ ಮೇಲೆ ಬೇರೆಯೇ ಪ್ರೀತಿ ಹುಟ್ಟಿದೆ. ಆ ತಿಂಗಳು ಇರುವುದರಿಂದಲೇ ಯುಗಾದಿ ಮಾರ್ಚಿನ ಮಧ್ಯದಿಂದ ಏಪ್ರಿಲಿನ ಮಧ್ಯದವರೆಗಿನ ಮೂವತ್ತು ದಿನಗಳ ಅಂಗಳ ದಾಟಿ ಹೋಗುವುದಿಲ್ಲ. ಮೇಷ ಸಂಕ್ರಮಣ ಚೈತ್ರದೊಳಗೇ ಬೀಳಬೇಕು ಎಂಬುದು ಕಟ್ಟು. ಅಷ್ಟು ಗಣಿತ, ಅಷ್ಟು ಸಿದ್ಧಾಂತ ಗ್ರಂಥ, ಎಲ್ಲದರ ಫಲ ನೋಡಿ: ಹಬ್ಬ ಬೇವು ಮಾವುಗಳನ್ನು ಬಿಟ್ಟು ಓಡಿಹೋಗಬಾರದು. ಮಾರುಕಟ್ಟೆಯ ಆ ತಾಯಿ ಹೇಳಿದ್ದೂ ಅದನ್ನೇ. ಈ ವರ್ಷ ಹಬ್ಬ ಅಂಗಳದ ಒಂದು ತುದಿಯಲ್ಲಿ ನಿಂತಿತ್ತು, ಮರ ಮಧ್ಯದಲ್ಲಿತ್ತು.

ಈ ಲೆಕ್ಕ ಕಣ್ಣಿಗೆ ಕಾಣುವ ಒಂದು ಸಂದರ್ಭ ನಮ್ಮ ದಕ್ಷಿಣ ಬೆಂಗಳೂರಿನ ತಾರಸಿಗಳ ಮೇಲೆ ಈ ಮೂರು ವರ್ಷ ನಡೆಯಿತು. ಯುಗಾದಿಯ ಮರುದಿನ, ಬಿದಿಗೆಯ ಸಂಜೆ, ಚಂದ್ರನನ್ನು ನೋಡುವುದು ಹಳೇ ಮೈಸೂರು ಸೀಮೆಯ ಸಂಪ್ರದಾಯ. ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಉಗುರಿನ ಚೂರಿನಷ್ಟು ತೆಳ್ಳಗಿನ ಚಂದ್ರ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಣಿಸಿಕೊಂಡು ಇಳಿದುಹೋಗುತ್ತಾನೆ. ಈ ಕಾಲದಲ್ಲಿ ಅವನು ಹೆಚ್ಚು ಕಡಿಮೆ ದೋಣಿಯಂತೆ ಮಲಗಿರುತ್ತಾನೆ. ಹಳ್ಳಿಯ ಹಿರಿಯರು ಅವನ ಯಾವ ಕೊಂಬು ಮೇಲಿದೆ ಎಂದು ನೋಡಿ ಮಳೆ ಬೆಳೆಯ ಮಾತಾಡುತ್ತಿದ್ದರು. ನಮ್ಮಲ್ಲಿ ಚಂದ್ರ ಕಂಡ ಕೂಡಲೇ ಕೈಮುಗಿದು ಮನೆಯ ಹಿರಿಯರ ಕಾಲಿಗೆ ನಮಸ್ಕಾರ ಮಾಡುವ ರೂಢಿ. ಈಗ ಜೆ.ಪಿ. ನಗರದ ಎಷ್ಟೋ ಮನೆಗಳಿಗೆ ಪಡುವಣವೇ ಇಲ್ಲ, ಎದುರು ಕಟ್ಟಡ ನಿಂತಿದೆ. ಆದರೂ ಜನ ನೀರಿನ ಟ್ಯಾಂಕಿನ ಏಣಿ ಹತ್ತಿ ಹುಡುಕುತ್ತಾರೆ.

ಅದೇ ಸಂಜೆಗಳಲ್ಲಿ ತಿಲಕನಗರದ ತಾರಸಿಗಳ ಮೇಲೂ ಜನ ನಿಂತಿದ್ದರು. ರಂಜಾನಿನ ಉಪವಾಸ ಮುಗಿಸುವ ಚಂದ್ರನೂ ಅವನೇ. 2024ರಲ್ಲಿ ಯುಗಾದಿ ಏಪ್ರಿಲ್ 9, ಈದ್ ಏಪ್ರಿಲ್ 11. 2025ರಲ್ಲಿ ಯುಗಾದಿ ಮಾರ್ಚ್ 30, ಈದ್ ಮಾರ್ಚ್ 31. ಈ ವರ್ಷವೂ ಒಂದೆರಡು ದಿನಗಳ ಅಂತರ. ಹಿಜರಿ ಲೆಕ್ಕದಲ್ಲಿ ಅಧಿಕ ಮಾಸವಿಲ್ಲ. ಅದು ಚಂದ್ರನನ್ನು ಮಾತ್ರ ನಂಬಿ ಎಲ್ಲ ಋತುಗಳನ್ನೂ ಸುತ್ತುತ್ತದೆ. ಹಾಗಾಗಿ ಮೂರು ವರ್ಷ ಜೊತೆಗೆ ನಡೆದ ಎರಡು ಹಬ್ಬಗಳು ಈ ಅಧಿಕ ಜ್ಯೇಷ್ಠದ ನಂತರ ಬೇರೆ ಬೇರೆ ದಾರಿ ಹಿಡಿಯುತ್ತವೆ. ಮುಂದಿನ ವರ್ಷ ಈದ್ ಮಾರ್ಚಿನ ಎರಡನೆಯ ವಾರದಲ್ಲಿ ಬಂದರೆ ಯುಗಾದಿ ಏಪ್ರಿಲಿನಲ್ಲಿ. ಮತ್ತೆ ಹೀಗೆ ಕೂಡಿ ಬರಲು ಮೂವತ್ತಕ್ಕೂ ಹೆಚ್ಚು ವರ್ಷ ಕಾಯಬೇಕು. ಒಂದೇ ಮಾರುಕಟ್ಟೆಯಲ್ಲಿ ಒಬ್ಬರು ಒಬ್ಬಟ್ಟಿನ ಕಡಲೆಬೇಳೆಗೂ ಇನ್ನೊಬ್ಬರು ಶೀರ್ ಖುರ್ಮಾದ ಶಾವಿಗೆಗೂ ಒಂದೇ ಅಂಗಡಿಯ ಮುಂದೆ ನಿಂತಿದ್ದ ಆ ಮೂರು ಸಂಜೆಗಳನ್ನು ನಾನು ಮರೆಯುವವಳಲ್ಲ.

ಪಂಚಾಂಗದ ಮಾತು ಬಂದದ್ದರಿಂದ ಪಂಚಾಂಗ ಶ್ರವಣದ ಬಗೆಗೂ ಎರಡು ಮಾತು. ತಿಥಿ, ವಾರ, ನಕ್ಷತ್ರ, ಯೋಗ, ಕರಣ, ಈ ಐದು ಅಂಗಗಳು ಸೇರಿ ಪಂಚಾಂಗ. ಯುಗಾದಿಯ ದಿನ ದೇವಸ್ಥಾನಗಳಲ್ಲಿ ಕುಳಿತು ಹೊಸ ವರ್ಷದ ಫಲ ಕೇಳುವುದು ಹಳೆಯ ಪದ್ಧತಿ. ಪಾಡ್ಯ ಯಾವ ವಾರವೋ ಆ ವಾರದ ಅಧಿಪತಿಯೇ ವರ್ಷದ ರಾಜ. ಮೇಷ ಸಂಕ್ರಮಣದ ವಾರದ ಅಧಿಪತಿ ಮಂತ್ರಿ. ಈ ವರ್ಷ ಗುರುವಾರ ಯುಗಾದಿ, ಗುರು ರಾಜ. ಸಂಕ್ರಮಣ ಮಂಗಳವಾರ, ಕುಜ ಮಂತ್ರಿ. ಆಮೇಲೆ ಸಸ್ಯಾಧಿಪತಿ, ಧಾನ್ಯಾಧಿಪತಿ, ಮೇಘಾಧಿಪತಿ, ರಸಾಧಿಪತಿ. ಎಷ್ಟು ಕೊಳಗ ಮಳೆ, ಆಯವೆಷ್ಟು, ವ್ಯಯವೆಷ್ಟು. ಫಲವನ್ನು ಎಷ್ಟು ನಂಬಬೇಕೆಂಬುದು ಅವರವರಿಗೆ ಬಿಟ್ಟದ್ದು. ಊರೆಲ್ಲ ಒಂದು ಕಡೆ ಕೂತು ವರ್ಷದ ಮೊದಲ ದಿನ ಮಳೆ ಮತ್ತು ಪೈರಿನ ಮಾತು ಕೇಳುವುದಿದೆಯಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ. ಕಾವೇರಿ ನೀರು ನಲ್ಲಿಯಲ್ಲಿ ಬರುತ್ತಿರುವವರೆಗೂ ಮಳೆಯ ಯೋಚನೆ ಮಾಡದ ನಾವು ಒಂದು ದಿನವಾದರೂ ಮೇಘಾಧಿಪತಿ ಯಾರೆಂದು ಕೇಳುತ್ತೇವೆ.

ಸಂವತ್ಸರ ಅರವತ್ತು, ಪ್ರಭವದಿಂದ ಅಕ್ಷಯದವರೆಗೆ. ಅರವತ್ತು ತುಂಬಿದವರಿಗೆ ಹುಟ್ಟಿದ ಸಂವತ್ಸರ ಮತ್ತೆ ಬರುತ್ತದೆ, ಅದಕ್ಕೇ ಷಷ್ಟ್ಯಬ್ದಿ. ಊರಿಗೂ ಈ ಲೆಕ್ಕ ಹಾಕಬಹುದು. ಜಯನಗರ ಬಡಾವಣೆಗೆ ಚಾಲನೆ ಸಿಕ್ಕಿದ್ದು 1948ರಲ್ಲಿ. ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಬಂದದ್ದರ ಗುರುತಾಗಿ ಒಂದನೇ ಬ್ಲಾಕಿನ ತುದಿಯಲ್ಲಿ ಅಶೋಕ ಸ್ತಂಭ ನಿಂತಿದೆ. ಅದು ಸರ್ವಧಾರಿ ಸಂವತ್ಸರ. ಸರ್ವಧಾರಿ ಮತ್ತೆ ಬಂದದ್ದು 2008ರಲ್ಲಿ. ಜಯನಗರದ ಷಷ್ಟ್ಯಬ್ದಿ ಆಗಲೇ ಕಳೆದುಹೋಯಿತು. ಇನ್ನೂ ಒಂದು ಸಂಗತಿ: ಈ ಯುಗಾದಿಗೆ ಆರಂಭವಾದದ್ದು ಶಾಲಿವಾಹನ ಶಕ 1948. ಆ 1948, ಈ 1948 ಬೇರೆ ಬೇರೆ ಎಣಿಕೆಯವು; ಆದರೂ ಸಂಕಲ್ಪ ಮಾಡುವಾಗ ಆ ಸಂಖ್ಯೆ ಕಿವಿಗೆ ಬಿದ್ದರೆ ನಮ್ಮ ಬಡಾವಣೆಯವರಿಗೆ ಒಂದು ಕ್ಷಣ ಸ್ತಂಭದ ನೆನಪಾಗುವುದು ಸಹಜ. ಆಕಾಶವಾಣಿಯಲ್ಲೂ ನೀವು ಶಕ ವರ್ಷದ ತಾರೀಖು ಕೇಳಿರುತ್ತೀರಿ. ಅದು ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿ 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗ. ಅದರ ಚೈತ್ರ ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ, ತಪ್ಪದೆ ಆರಂಭವಾಗುತ್ತದೆ. ಲೆಕ್ಕ ಅಚ್ಚುಕಟ್ಟು. ಆದರೆ ಆ ಚೈತ್ರಕ್ಕೆ ಯಾರೂ ಎಣ್ಣೆ ಸ್ನಾನ ಮಾಡುವುದಿಲ್ಲ, ಚಂದ್ರನೂ ಅದಕ್ಕೆ ಸೊಪ್ಪು ಹಾಕುವುದಿಲ್ಲ.

ಈಗ ಬೇವಿಗೆ ಬರೋಣ.

ನಮ್ಮ ಮನೆಯಲ್ಲಿ ಅಭ್ಯಂಜನವಾಗಿ, ಹೊಸ ಬಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ದೇವರಿಗೆ ನೈವೇದ್ಯವಾದ ಮೇಲೆ ಮೊದಲು ಬಾಯಿಗೆ ಬೀಳುವುದು ಬೇವು ಬೆಲ್ಲ. ನೂರು ವರ್ಷದ ಆಯುಸ್ಸು, ವಜ್ರದಂಥ ದೇಹ, ಸಂಪತ್ತು ಕೇಳುವ ಶ್ಲೋಕ ಹೇಳಿ ಅಂಗೈಗೆ ಹಾಕುತ್ತಾರೆ. ಬೆಲ್ಲ ಮಂಡ್ಯದ ಕಡೆಯ ಆಲೆಮನೆಯದು. ಬೇವು ಹೂವಾದರೆ ಒಳ್ಳೆಯದು. ಹೂವಿನ ಕಹಿ ಎಲೆಯಷ್ಟು ಒರಟಲ್ಲ, ಜೊತೆಗೆ ಜೇನಿನ ವಾಸನೆ. ಕೆಲವರು ಹುರಿಗಡಲೆ ಸೇರಿಸುತ್ತಾರೆ. ಮೇಲಿನ ಮನೆಯ ಆಂಧ್ರದವರು ಪಚ್ಚಡಿ ಮಾಡಿ ಬಟ್ಟಲಲ್ಲಿ ಕಳಿಸುತ್ತಾರೆ: ಬೇವಿನ ಹೂವು, ಬೆಲ್ಲ, ಹುಣಸೆ, ಮಾವಿನಕಾಯಿ, ಉಪ್ಪು, ಕಾರ, ಆರು ರುಚಿ. ಮರಾಠಿಯವರು ಅದೇ ದಿನ ಬಾಗಿಲಲ್ಲಿ ಗುಡಿ ಏರಿಸಿ ಅದಕ್ಕೆ ಬೇವಿನ ಟೊಂಗೆಯನ್ನೂ ಸಕ್ಕರೆಯ ಹಾರವನ್ನೂ ಕಟ್ಟುತ್ತಾರೆ. ಬಿ.ಟಿ.ಎಂ. ಲೇಔಟಿನ ಒಂದೇ ಕಟ್ಟಡದಲ್ಲಿ ಇವೆಲ್ಲ ಇವೆ. ತುಳುವರ ಬಿಸು, ತಮಿಳರ ಪುತ್ತಾಂಡು, ಮಲಯಾಳಿಗಳ ವಿಷು ಬೇರೆ. ಅವು ಸೌರಮಾನದವು, ಏಪ್ರಿಲ್ ಮಧ್ಯಕ್ಕೆ.

ಆರು ರುಚಿಯ ಪಚ್ಚಡಿ ನನಗೂ ಇಷ್ಟ. ಆದರೆ ಕನ್ನಡದ ಮನೆಗಳು ಎರಡೇ ರುಚಿ ಇಟ್ಟುಕೊಂಡದ್ದರಲ್ಲಿ ಒಂದು ಗಟ್ಟಿತನವಿದೆ. ಉಪ್ಪು ಹುಳಿ ಕಾರ ಸೇರಿದರೆ ಕಹಿ ಮರೆಯಾಗುತ್ತದೆ, ಅಡುಗೆಯಾಗುತ್ತದೆ. ಬರೀ ಬೇವು, ಬರೀ ಬೆಲ್ಲ ಇದ್ದರೆ ಕಹಿ ನಾಲಗೆಯ ಮೇಲೆ ಕೂತೇ ಇರುತ್ತದೆ, ಸಿಹಿ ಅದನ್ನು ಓಡಿಸುವುದಿಲ್ಲ. ಮಗು ಮುಖ ಹಿಂಡುವುದೂ ಆಗಲೇ. ನನ್ನ ತಾಯಿ ಬೆಲ್ಲ ಜಾಸ್ತಿ ಹಾಕಿ ಎಂದು ಹಟ ಹಿಡಿದ ನಮಗೆ ಸಮಸಮವೇ ಕೊಡುತ್ತಿದ್ದರು. ಅವರು ತೀರಿಕೊಂಡ ವರ್ಷ ಸೂತಕದ ಮನೆಯಲ್ಲಿ ಹಬ್ಬವಿರಲಿಲ್ಲ. ಪಕ್ಕದ ಮನೆಯವರು ಬಂದು ಒಂದು ಚಿಟಿಕೆ ಬೇವು ಬೆಲ್ಲವನ್ನು ಮಾತಿಲ್ಲದೆ ಕೈಗೆ ಹಾಕಿ ಹೋದರು. ಆ ವರ್ಷ ನನಗೆ ಕಹಿಯೇ ತಿಳಿಯಲಿಲ್ಲ.

ಬೇಂದ್ರೆಯವರ 'ಯುಗಾದಿ' ಕವಿತೆ 1963ರ 'ಕುಲವಧು' ಚಿತ್ರಕ್ಕೆ ಬಂದು, ಎಸ್. ಜಾನಕಿಯವರ ಕಂಠದಲ್ಲಿ, ಇದೇ ರೇಡಿಯೊ ಮೂಲಕ ಕನ್ನಡದ ಮನೆಮನೆಗೆ ಹೋಯಿತು. ಆ ಹಾಡಿನಲ್ಲಿ ಹೊಂಗೆಯ ಹೂವಿದೆ, ದುಂಬಿಯಿದೆ, ಬೇವಿನ ಹೂವಿನ ಕಂಪಿದೆ. ಧಾರವಾಡದ ಕವಿ ಹೊಸ ವರ್ಷವನ್ನು ಮರಗಳ ಮೇಲೆ ನೋಡಿದರು. ಹಾಡು ಪ್ರತಿ ವರ್ಷ ಕೇಳುತ್ತೇವೆ. ಹಾಡಿನೊಳಗಿನ ಮರ ನಮ್ಮ ರಸ್ತೆಯಲ್ಲಿ ಯಾವುದು ಎಂದು ಕೇಳಿದರೆ ನಮ್ಮ ಮಕ್ಕಳಲ್ಲಿ ಎಷ್ಟು ಜನ ತೋರಿಸಿಯಾರು?

ಯುಗಾದಿ ಎರಡು ದಿನದ ಹಬ್ಬ ಎಂಬುದನ್ನು ಮರೆಯಬಾರದು. ಮೊದಲ ದಿನದ ಹೋಳಿಗೆಯಲ್ಲೇ ಕಥೆ ಮುಗಿಸುವವರು ಅರ್ಧ ಹಬ್ಬ ಹೇಳಿದಂತೆ. ಮರುದಿನ ಹೊಸತೊಡಕು, ವರ್ಷದ ತೊಡಕು. ಆ ದಿನ ಮಾಡಿದ್ದು ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ. ಬೆಂಗಳೂರು, ರಾಮನಗರ, ಮಂಡ್ಯದ ಕಡೆ ಬಹುಪಾಲು ಮನೆಗಳಿಗೆ ಅದು ಬಾಡೂಟದ ದಿನ. ಬೆಳಕು ಹರಿಯುವ ಮುಂಚೆಯೇ ಮಾಂಸದಂಗಡಿಗಳ ಮುಂದೆ ಸಾಲು. ಹಳ್ಳಿಗಳಲ್ಲಿ ವರ್ಷವೆಲ್ಲ ಯುಗಾದಿ ಚೀಟಿ ಕಟ್ಟಿ, ಒಟ್ಟಿಗೆ ಕುರಿ ಕೊಂಡು, ಗುಡ್ಡೆ ಹಾಕಿ ಸಮನಾಗಿ ಹಂಚಿಕೊಳ್ಳುತ್ತಾರೆ. ಅದೇ ಗುಡ್ಡೆ ಬಾಡು. ಯಾರ ಪಾಲಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇದು ದೂರದ ಹಳ್ಳಿಯ ಮಾತಲ್ಲ. ಬಿ.ಟಿ.ಎಂ. ಎಂಬ ಮೂರಕ್ಷರವನ್ನು ಬಿಡಿಸಿದರೆ ಸಿಗುವುದು ಮೂರು ಹಳ್ಳಿ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಜಯನಗರದ ಸುತ್ತ ಯಡಿಯೂರು, ಮಾರೇನಹಳ್ಳಿ, ಜೆ.ಪಿ. ನಗರದ ಹೊಟ್ಟೆಯೊಳಗೆ ಸಾರಕ್ಕಿ, ಪುಟ್ಟೇನಹಳ್ಳಿ. ಬನಶಂಕರಿಯ ಮಗ್ಗುಲಿಗೆ ಕದಿರೇನಹಳ್ಳಿ. ಬ್ಲಾಕು, ಸ್ಟೇಜು, ಫೇಸುಗಳ ನಡುವೆ ಈ ಊರುಗಳ ಹಳೆಯ ಬೀದಿಗಳು ಈಗಲೂ ಸೊಟ್ಟಗೇ ಇವೆ. ನೇರ ರಸ್ತೆ ಬಿಟ್ಟು ಒಳಗೆ ಹೊಕ್ಕರೆ ಮಾರಮ್ಮನ ಗುಡಿ, ಭಜನೆ ಮನೆ, ಅರಳಿಕಟ್ಟೆ. ಹಿಂದೆ ಈ ಊರುಗಳಂಥ ಊರುಗಳಲ್ಲಿ ಯುಗಾದಿಗೆ ಹೊನ್ನಾರು ಕಟ್ಟುತ್ತಿದ್ದರು. ಎತ್ತುಗಳಿಗೆ ಪೂಜೆ ಮಾಡಿ, ನೇಗಿಲು ಹೂಡಿ, ಹೊಲದಲ್ಲಿ ವರ್ಷದ ಮೊದಲ ಸಾಲು ಎಳೆಯುವುದು. ಹೊನ್ನು ಮತ್ತು ಆರು, ಅಂದರೆ ಎತ್ತು ಹೂಡಿದ ನೇಗಿಲು, ಸೇರಿ ಹೊನ್ನಾರು. ಸಾರಕ್ಕಿಯಲ್ಲಿ ಈಗ ಕೆರೆ ಉಳಿದಿದೆ, ಮಾರುಕಟ್ಟೆಯಿದೆ, ಹೊಲವಿಲ್ಲ. ಆದರೆ ಅರಳಿಕಟ್ಟೆಗಳನ್ನು ಹೋಗಿ ನೋಡಿ. ಅರಳಿಯ ಮಗ್ಗುಲಿಗೆ ಬಹಳ ಕಡೆ ಬೇವು ಇರುತ್ತದೆ. ಅರಳಿ ಗಂಡು, ಬೇವು ಹೆಣ್ಣು ಎಂದು ಎರಡನ್ನೂ ಒಂದೇ ಪಾತಿಯಲ್ಲಿ ನೆಟ್ಟು ಮದುವೆ ಮಾಡಿಸಿದವರು ಆ ಊರಿನವರು. ಬುಡದಲ್ಲಿ ನಾಗರ ಕಲ್ಲುಗಳು. ಬೇಸಿಗೆಯಲ್ಲಿ ಸಿಡುಬಾದರೆ, ಅಮ್ಮ ಬಂದಳೆಂದರೆ, ಬಾಗಿಲಿಗೆ ಸಿಕ್ಕಿಸುತ್ತಿದ್ದುದು, ರೋಗಿಯ ಹಾಸಿಗೆಗೆ ಹಾಕುತ್ತಿದ್ದುದು ಆ ಬೇವಿನ ಸೊಪ್ಪನ್ನೇ. ನಕ್ಷೆ ಬರೆದ ಎಂಜಿನಿಯರುಗಳು ಕಟ್ಟೆಯನ್ನು ಉಳಿಸಿ ರಸ್ತೆಯನ್ನೇ ಸುತ್ತು ಹಾಕಿಸಿದ ಜಾಗಗಳು ನಮ್ಮ ಭಾಗದಲ್ಲಿವೆ. ಅವರಿಗೆ ನಾವು ಋಣಿಗಳು.

ಪಾಡ್ಯದಿಂದ ನವಮಿಯವರೆಗೆ ವಸಂತ ನವರಾತ್ರಿ. ರಾಮ ಮಂದಿರಗಳಲ್ಲಿ ಈ ಒಂಬತ್ತು ದಿನ ಗರ್ಭೋತ್ಸವವೆಂದೂ ನವಮಿಯ ನಂತರದ್ದು ಜನ್ಮೋತ್ಸವವೆಂದೂ ಎರಡು ಕ್ರಮಗಳಿವೆ. ರಾಮನವಮಿಯ ದಿನ ನಮ್ಮ ರಸ್ತೆಗಳಲ್ಲಿ ನಾಲ್ಕು ಹೆಜ್ಜೆಗೊಂದು ಮೇಜು: ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ಕರ್ಬೂಜದ ಪಾನಕ, ಬೇಲದ ಹಣ್ಣಿನ ಪಾನಕ, ಶುಂಠಿ ಏಲಕ್ಕಿ ಹಾಕಿದ ಬೆಲ್ಲದ ಪಾನಕ. ಬೀಸಣಿಗೆ ದಾನ ಕೊಡುವ ಮನೆಗಳು ಇನ್ನೂ ಇವೆ. ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ಈಗಲೂ ನಡೆಯುತ್ತಿದೆ, ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ವೇದಿಕೆ ಅದು. ಆ ಸಂಗೀತದ ಮಾತಿಗೆ ಬೇರೆಯೇ ಒಂದು ಭಾಷಣ ಬೇಕು. ಇಲ್ಲಿ ಹೇಳಬೇಕಾದದ್ದು ಇಷ್ಟು: ಪಾಡ್ಯದಲ್ಲಿ ಕಹಿ, ನವಮಿಯಲ್ಲಿ ತಂಪು, ಎರಡೂ ಏರುತ್ತಿರುವ ಬಿಸಿಲಿಗೆ ಮೈಯನ್ನು ಅಣಿಗೊಳಿಸುವ ಕೆಲಸವೇ.

ನಮ್ಮ ರಸ್ತೆಗಳಲ್ಲಿ ಇಷ್ಟಾದರೂ ಬೇವು, ಹೊಂಗೆ ಇವೆಯೆಂದರೆ ಅದರ ಹಿಂದೆ ದುಡಿಮೆಯಿದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೆಗಿನಹಾಳರ ಮುಂದಾಳತ್ವದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ 15 ಲಕ್ಷದಷ್ಟು ಸಸಿಗಳನ್ನು ನೆಟ್ಟರು. ಇವತ್ತು ನಾವು ಕಾರು ನಿಲ್ಲಿಸಲು ಹುಡುಕುವ ನೆರಳು ಅವರ ಕಾಲದ್ದು. ಆ ಮರಗಳ ಕೊಂಬೆಗಳೇ ಹಬ್ಬದ ಹಿಂದಿನ ರಾತ್ರಿ ಮುರಿದು ಬೀಳುವುದನ್ನು ನಾನು ನೋಡಿದ್ದೇನೆ. ಒಂದು ಹಿಡಿ ಚಿಗುರು ಬೇಕಾದದ್ದಕ್ಕೆ ತೋಳು ಗಾತ್ರದ ಟೊಂಗೆ ಎಳೆದು ಸೀಳುತ್ತಾರೆ. ಸೀಳಿದ ಗಾಯದಲ್ಲಿ ನೀರು ನಿಂತು ಮರ ಒಳಗಿಂದ ಕೊಳೆಯುತ್ತದೆ. ಹಬ್ಬದ ಮರುದಿನ ಮಾರುಕಟ್ಟೆಯ ಮುಂದೆ ಮಾರಾಟವಾಗದೆ ಉಳಿದ ಸೊಪ್ಪು ಕಸದ ಲಾರಿಗೆ ಹೋಗುತ್ತದೆ. ತೋರಣಕ್ಕೆ ಹನ್ನೊಂದೋ ಇಪ್ಪತ್ತೊಂದೋ ಎಲೆ ಸಾಕು. ದೇವರು ಕೇಳಿದ್ದು ಅಷ್ಟೆ.

ಇನ್ನೊಂದು ಎಚ್ಚರಿಕೆ. ಬೇವಿನಂತೆಯೇ ಕಾಣುವ, ತಿಳಿನೇರಳೆ ಹೂ ಬಿಡುವ ಮರವೊಂದಿದೆ, ಹುಚ್ಚುಬೇವು. ಅದೂ ಇದೇ ದಿನಗಳಲ್ಲಿ ಹೂ ಬಿಡುತ್ತದೆ. ಅದರ ಕಾಯಿ ವಿಷ, ಅದನ್ನು ತಿನ್ನಬಾರದು. ಕಹಿಬೇವಿನ ಹೂವು ಬಿಳಿ, ಐದು ಎಸಳು, ಸಾಸಿವೆಗಿಂತ ಒಂದಿಷ್ಟೇ ದೊಡ್ಡ ಮೊಗ್ಗು, ಉದ್ದ ಗೊಂಚಲು. ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳಿ ಕೀಳಬೇಕು.

ಹಬ್ಬ ಕಳೆದು ನಾಲ್ಕು ವಾರವಾಯಿತು. ಈಗ, ನೀವು ಇದನ್ನು ಕೇಳುತ್ತಿರುವ ಹೊತ್ತಿಗೆ, ನಮ್ಮ ರಸ್ತೆಯ ಬೇವು ತಲೆತುಂಬ ಹೂ ಹೊತ್ತು ನಿಂತಿದೆ. ಮಾರ್ಚ್ 18ರ ಸಂಜೆ ನಾನು ಹುಡುಕಿದ ಹೂವು ಈಗ ಕೇಳುವವರಿಲ್ಲದೆ ನಿಲ್ಲಿಸಿದ ಸ್ಕೂಟರುಗಳ ಮೇಲೆ, ಚರಂಡಿಯ ಚಪ್ಪಡಿಗಳ ಮೇಲೆ ಉದುರುತ್ತಿದೆ. ಸಂಜೆ ಆರರ ಮೇಲೆ ಅದರ ವಾಸನೆ ಇಡೀ ಅಡ್ಡರಸ್ತೆಗೆ ಹರಡುತ್ತದೆ. ಮೊನ್ನೆ ರಾತ್ರಿ ಹಳೆಯ ಪಂಚೆಯೊಂದನ್ನು ಮರದಡಿ ಹಾಸಿದೆ. ಬೆಳಗ್ಗೆ ನಾಲ್ಕು ಬೊಗಸೆ ಹೂ ಸಿಕ್ಕಿತು. ಒಂದು ಟೊಂಗೆಯೂ ಮುರಿಯಲಿಲ್ಲ. ಕಡ್ಡಿ ಆರಿಸಿ, ನೆರಳಲ್ಲಿ ಒಣಗಿಸಿ, ಗಾಜಿನ ಭರಣಿಗೆ ತುಂಬಿದ್ದೇನೆ. ತುಪ್ಪದಲ್ಲಿ ಹುರಿದರೆ ಸಾರಿಗೆ ಬರುತ್ತದೆ, ಗೊಜ್ಜಿಗೆ ಬರುತ್ತದೆ. ಉಳಿದದ್ದು ಬರುವ ಯುಗಾದಿಗೆ.

ನಿಮ್ಮ ಬೀದಿಯಲ್ಲೂ ಒಂದು ಬೇವು ಇರಬಹುದು. ಇವತ್ತು ಸಂಜೆ ಹೊರಗೆ ಬಂದು ಒಮ್ಮೆ ತಲೆಯೆತ್ತಿ ನೋಡಿ. ಇದ್ದರೆ ಮಕ್ಕಳಿಗೆ ತೋರಿಸಿ, ರಾತ್ರಿ ಒಂದು ಬಟ್ಟೆ ಹಾಸಿ, ಸಿಕ್ಕ ಹೂವಿನಲ್ಲಿ ಒಂದು ಹಿಡಿಯನ್ನು ಪಕ್ಕದ ಮನೆಗೂ ಕೊಡಿ. ಇಲ್ಲದಿದ್ದರೆ ಈ ಮಳೆಗಾಲದಲ್ಲಿ ಒಂದು ಸಸಿ ನೆಡಿ; ಅಧಿಕ ಜ್ಯೇಷ್ಠದಲ್ಲಿ ಮದುವೆಗಳಿರುವುದಿಲ್ಲ, ಗುಂಡಿ ತೋಡಲು ಬಿಡುವು ಸಿಗುತ್ತದೆ. ಮುಂದಿನ ಯುಗಾದಿ, ಪ್ಲವಂಗ ಸಂವತ್ಸರದ್ದು, 2027ರ ಏಪ್ರಿಲ್ 7ರಂದು.